ಅಂಗಾಲಿನ ಹುಣ್ಣಿಗೆ ಕನ್ನಡಿ ಬೇಕು

ಸಂಜೆ ಹೊಲದಿಂದ ಬಂದ ದೊಡ್ಡಪ್ಪ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಪಡಸಾಲೆ ದಾಟಿ ಬಚ್ಚಲಿಗೆ ಹೋದರು. ಹಿಂದೆಯೇ ಓಡಿಬಂದ ಮೊಮ್ಮಗಳು ಪಡಸಾಲೆಯಲ್ಲಿ ನಿಂತುಬಿಟ್ಟಳು. ‘ಅಜ್ಜಾ, ಕುಂಕುಮ ತುಳ್ಕೊಂಡು ಬಂದೀಯೇನು?’ ಬೂದು ಬಣ್ಣದ ನೆಲದ ಮೇಲೆ ಹೆಜ್ಜೆಗೊಂದರಂತೆ ಕೆಂಪು ಗುರುತು. ಎಲ್ಲವೂ ಬಲಗಾಲಿನವು. ಚಪ್ಪಲಿ ತಿರುವಿ ನೋಡಿದರೆ, ಅಟ್ಟೆ ಕಿತ್ತುಹೋಗದಿರಲೆಂದು ಹೊಡೆಸಿದ್ದ ಮೊಳೆ ಒಳಗಡೆ ಎದ್ದು ನಿಂತಿತ್ತು, ಒಂದು ಜೋಳದ ಕಾಳಿನಷ್ಟು ಎತ್ತರ. ಬೆಳಿಗ್ಗೆಯಿಂದ ಮೆಕ್ಕೆಜೋಳದ ಸಾಲುಗಳಲ್ಲಿ ಅದರ ಮೇಲೇ ಓಡಾಡಿದ್ದರು. ‘ಗೊತ್ತೇ ಆಗ್ಲಿಲ್ಲ ನೋಡು’ ಅಂದರು. ತಮ್ಮ ಕಾಲು ಎಷ್ಟು ಗಟ್ಟಿ ಎಂಬ ಹೆಮ್ಮೆಯೂ ಆ ಮಾತಿನಲ್ಲಿ ಸ್ವಲ್ಪ ಇತ್ತು. ಅವರಿಗೆ ಸಕ್ಕರೆ ಕಾಯಿಲೆ ಬಂದು ಆಗ 12 ವರ್ಷ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದರು. ಬೇಡ, ನಿಜ. ಆದರೆ ಅಂಗಾಲಿನ ಹುಣ್ಣಿಗೆ ಬೇಕು. ಅದು ಕಣ್ಣಿಗೂ ಕಾಣದು. ನರ ಸತ್ತ ಕಾಲಿನಲ್ಲಾದರೆ ಮನಸ್ಸಿಗೂ ತಿಳಿಯದು. ಹರಪನಹಳ್ಳಿ ತಾಲ್ಲೂಕಿನ ನಮ್ಮ ಅರಸೀಕೆರೆಯ ಸುತ್ತಮುತ್ತ, ಆಚೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ತನಕ ಬರಿಗಾಲಿನಲ್ಲೋ ಸವೆದ ಚಪ್ಪಲಿಯಲ್ಲೋ ದಿನವಿಡೀ ನಡೆಯುವ ಜನ ನಾವು. ಈ ಸೀಮೆಯಲ್ಲಿ ಹುಣ್ಣಿನ ಕಥೆ ಎಂದರೆ ಬಹುಪಾಲು ಕಾಲಿನ ಕಥೆಯೇ.

ಕನ್ನಡದಲ್ಲಿ ಗಾಯ ಬೇರೆ, ಹುಣ್ಣು ಬೇರೆ. ಕುಡುಗೋಲು ತಗುಲಿದರೆ ಗಾಯ. ಎಂಟು-ಹತ್ತು ದಿನಕ್ಕೆ ಅದು ಮಾಯುತ್ತದೆ. ಮಾಯದೆ ಕುಳಿತುಬಿಟ್ಟರೆ, ರಸಿಕೆ ಸೋರುತ್ತ ಒಳಕ್ಕೆ ಇಳಿಯತೊಡಗಿದರೆ, ಅದು ಹುಣ್ಣು. ಚರ್ಮ ಹರಿದದ್ದು ಎರಡಕ್ಕೂ ಸಮ. ಆದರೆ ಮಾಯುವುದಕ್ಕೆ ರಕ್ತ ಬರಬೇಕು, ಬಂದ ರಕ್ತ ವಾಪಸು ಹೋಗಬೇಕು, ನೋವು ಗೊತ್ತಾಗಬೇಕು, ಗೊತ್ತಾದ ಮೇಲೆ ಆ ಜಾಗಕ್ಕೆ ಭಾರ ಬೀಳದಂತೆ ನಾವು ನೋಡಿಕೊಳ್ಳಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಗಾಯ ಹುಣ್ಣಾಗುತ್ತದೆ. ಹಾಗಾಗಿ ಹುಣ್ಣು ಕಂಡಾಗ ‘ಏನು ಹಚ್ಚಲಿ?’ ಎಂದು ಕೇಳುವುದಕ್ಕಿಂತ ಮೊದಲು ‘ಯಾಕೆ ಮಾಯ್ತಿಲ್ಲ?’ ಎಂದು ಕೇಳಬೇಕು. ಮುಲಾಮಿನ ಅಂಗಡಿಗಳು ತುಂಬಿರುವ ಈ ಕಾಲದಲ್ಲಿ ಎರಡನೆಯ ಪ್ರಶ್ನೆ ಕೇಳುವವರು ಕಡಿಮೆ. ಕಾಲು ಕಳೆದುಕೊಂಡ ಎಷ್ಟೋ ಜನ ಮುಲಾಮು ಹಚ್ಚುವುದರಲ್ಲಿ ಯಾವ ಕೊರತೆಯನ್ನೂ ಮಾಡಿರುವುದಿಲ್ಲ.

ನಾರು ಹೋದ ದಾರಿ

ಈ ‘ಯಾಕೆ’ ಎಂಬ ಪ್ರಶ್ನೆಗೆ ನಮ್ಮ ಸೀಮೆಯೇ ಒಂದು ದೊಡ್ಡ ಸಾಕ್ಷಿ ಹೇಳುತ್ತದೆ. ನಮ್ಮಜ್ಜಿಯ ಎಡಗಾಲಿನ ಹರಡಿನ ಮೇಲೆ ನಾಲ್ಕಾಣೆ ಅಗಲದ ಒಂದು ಕಲೆ ಇತ್ತು. ನುಣ್ಣಗೆ, ಬಿಳಿಚಿಕೊಂಡು, ಮಧ್ಯದಲ್ಲಿ ಸೂಜಿ ಚುಚ್ಚಿದಂತೆ ಒಂದು ತಗ್ಗು. ‘ನಾರು ಹೊರಟಿದ್ದು’ ಅನ್ನುತ್ತಿದ್ದಳು. ಚಿಕ್ಕವರಿದ್ದಾಗ ನಮಗೆ ಅದು ಅರ್ಥವಾಗುತ್ತಿರಲಿಲ್ಲ. ಬಳ್ಳಾರಿ, ರಾಯಚೂರು, ಗುಲ್ಬರ್ಗ, ವಿಜಾಪುರದ ಕಡೆ ಹಳೆಯ ತಲೆಮಾರಿನವರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಅದು ನಾರುಹುಣ್ಣು.

ಮೊದಲು ಒಂದು ಬೊಕ್ಕೆ ಏಳುತ್ತದೆ. ಬೆಂಕಿ ಇಟ್ಟಂತೆ ಉರಿ. ಬೊಕ್ಕೆ ಒಡೆದು ಹುಣ್ಣಾಗುತ್ತದೆ. ಆ ಹುಣ್ಣಿನ ಬಾಯಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಒಂದು ಮೀಟರ್‌ವರೆಗೂ ಉದ್ದ ಇರುವ ಹೆಣ್ಣು ಹುಳ ಅದು. ಅದನ್ನು ಒಮ್ಮೆಗೇ ಎಳೆಯುವಂತಿಲ್ಲ. ತುಂಡಾದರೆ ಒಳಗೇ ಕೊಳೆತು ಇಡೀ ಕಾಲು ಬಾವು ಬರುತ್ತದೆ. ಬೆಂಕಿಕಡ್ಡಿಯಂಥ ಒಂದು ಕಡ್ಡಿಗೆ ತುದಿಯನ್ನು ಸುತ್ತಿ, ದಿನಕ್ಕೆ ಎರಡು-ಮೂರು ಬೆರಳಿನಷ್ಟು ಮಾತ್ರ ಹೊರಗೆ ತೆಗೆದು, ಕಡ್ಡಿಯನ್ನು ಕಾಲಿಗೇ ಕಟ್ಟಿಕೊಂಡು ವಾರಗಟ್ಟಲೆ ಕೂರಬೇಕು. ಬಿತ್ತನೆಯ ಹೊತ್ತಿಗೆ ಮನೆಯ ಯಜಮಾನನ ಕಾಲಿನಿಂದ ನಾರು ಹೊರಟರೆ ಆ ವರ್ಷ ಹೊಲ ಬೀಳು.

ಉರಿ ತಾಳಲಾರದೆ ಜನ ಮೆಟ್ಟಿಲು ಬಾವಿಗೆ ಇಳಿದು ಕಾಲನ್ನು ನೀರಿಗೆ ಬಿಡುತ್ತಿದ್ದರು. ಹುಳಕ್ಕೆ ಬೇಕಾದದ್ದೂ ಅದೇ. ನೀರು ಸೋಕಿದೊಡನೆ ಅದು ಲಕ್ಷಾಂತರ ಮರಿಗಳನ್ನು ಉಗುಳುತ್ತದೆ. ಕಣ್ಣಿಗೆ ಕಾಣಿಸಿಯೂ ಕಾಣಿಸದಂಥ ನೀರುಚಿಗಟ, ಸೈಕ್ಲಾಪ್ಸ್, ಆ ಮರಿಗಳನ್ನು ತಿನ್ನುತ್ತದೆ. ಅದೇ ಬಾವಿಯ ನೀರನ್ನು ಕೊಡದಲ್ಲಿ ತುಂಬಿಕೊಂಡು ಹೋಗಿ ಕುಡಿದವರ ಹೊಟ್ಟೆಗೆ ಆ ಚಿಗಟ ಸೇರುತ್ತದೆ. ಸುಮಾರು ಒಂದು ವರ್ಷದ ಮೇಲೆ ಅವರ ಕಾಲಿನಲ್ಲೂ ಒಂದು ಬೊಕ್ಕೆ. ಈ ಸರಪಳಿಯಲ್ಲಿ ನೀರುಚಿಗಟದ ಪಾತ್ರ ಏನೆಂದು ರಷ್ಯಾದ ಅಲೆಕ್ಸಿ ಫೆಡ್ಚೆಂಕೊ 1870ರ ಸುಮಾರಿಗೇ ಕಂಡುಕೊಂಡಿದ್ದ. ಆದರೂ ನಮ್ಮ ಬಾವಿಗಳಿಗೆ ಮೆಟ್ಟಿಲು ಇನ್ನೂ ನೂರು ವರ್ಷ ಹಾಗೆಯೇ ಉಳಿದವು.

1983-84ರಲ್ಲಿ ಭಾರತ ನಾರುಹುಳು ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 1984ರ ಎಣಿಕೆಯಲ್ಲಿ ಕರ್ನಾಟಕವೂ ಸೇರಿ 7 ರಾಜ್ಯಗಳ 12,840 ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳು. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಇವತ್ತಿಗೂ ಇಲ್ಲ. ಮಾಡಿದ್ದು ಇಷ್ಟೇ: ಮೆಟ್ಟಿಲು ಬಾವಿಗಳನ್ನು ಮುಚ್ಚಿ ಸೇದುವ ಬಾವಿ ಮಾಡಿದರು, ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿದರು, ನೀರಿಗೆ ಟೆಮೆಫಾಸ್ ಬಿಟ್ಟು ಚಿಗಟ ಕೊಂದರು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಲು ಮನೆಮನೆಗೆ ಹೇಳಿದರು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಳು ಮುಕ್ತ ಎಂದು ಘೋಷಿಸಿತು. ಒಂದು ಹುಣ್ಣನ್ನು ಒಂದು ತೊಟ್ಟು ಮುಲಾಮಿಲ್ಲದೆ ದೇಶದಿಂದಲೇ ಕಳಿಸಿಕೊಟ್ಟೆವು. ಇದನ್ನು ನಾವು ಬೇಗ ಮರೆತುಬಿಟ್ಟೆವು ಅನ್ನುವುದು ನನ್ನ ನೋವು. ಕೈಪಂಪು ಜಗ್ಗುವ ಹುಡುಗರಿಗೆ ಅದು ಯಾವ ಹುಳದ ಮೇಲೆ ಗೆದ್ದ ಕಂಬ ಎಂಬುದು ಗೊತ್ತೇ ಇಲ್ಲ.

ಹುಣ್ಣು ಎಲ್ಲಿದೆ?

ಅನುಭವಿ ವೈದ್ಯರು ಹುಣ್ಣು ನೋಡುವಾಗ ಮೊದಲು ಗಮನಿಸುವುದು ಅದು ಕುಳಿತಿರುವ ಜಾಗವನ್ನು. ಕಾರಣದ ಅರ್ಧ ಸುಳಿವು ಅಲ್ಲೇ ಸಿಗುತ್ತದೆ.

ಹರಡಿನ ಮೇಲ್ಭಾಗದಲ್ಲಿ, ಅದರಲ್ಲೂ ಒಳಮಗ್ಗುಲಲ್ಲಿ, ಅಗಲವಾಗಿ, ಆಳವಿಲ್ಲದೆ, ಸದಾ ಒದ್ದೆಯಾಗಿ ಇದ್ದರೆ ಅದು ಹೆಚ್ಚಾಗಿ ಸಿರೆಯ ಹುಣ್ಣು. ಕಾಲಿನಿಂದ ಹೃದಯಕ್ಕೆ ರಕ್ತ ಮೇಲೇರಬೇಕಲ್ಲ, ಅದು ಕೆಳಗೆ ಜಾರದಂತೆ ಸಿರೆಗಳ ಒಳಗೆ ಚಿಕ್ಕ ಕವಾಟಗಳಿವೆ. ಮೀನಖಂಡ ಪ್ರತಿ ಹೆಜ್ಜೆಗೂ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ನಡೆಯದೆ ಗಂಟೆಗಟ್ಟಲೆ ನಿಂತೇ ಇರುವವರಲ್ಲಿ, ಹೋಟೆಲಿನ ಒಲೆಯ ಮುಂದೆ, ಇಸ್ತ್ರಿ ಮೇಜಿನ ಮುಂದೆ, ಶಾಲೆಯ ಕರಿಹಲಗೆಯ ಮುಂದೆ, ಈ ಕವಾಟಗಳು ಸೋಲುತ್ತವೆ. ‘ನರ ಉಬ್ಬಿದೆ’ ಎಂದು ನಾವು ಹೇಳುವುದು ಇದನ್ನೇ, ಅದು ನರವಲ್ಲ, ಸಿರೆ. ರಕ್ತ ನಿಂತು ನಿಂತು ಹರಡಿನ ಚರ್ಮ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ತುಕ್ಕು ಅನ್ನುವುದು ಬರೀ ಹೋಲಿಕೆಯಲ್ಲ, ಅದು ರಕ್ತಕಣ ಒಡೆದು ಚರ್ಮದಲ್ಲಿ ಉಳಿದ ಕಬ್ಬಿಣವೇ. ಆಮೇಲೆ ಕಡಿತ, ಕೆರೆತ, ಕೊನೆಗೆ ಹುಣ್ಣು. ಇದಕ್ಕೆ ಮದ್ದು ಬಿಗಿ ಪಟ್ಟಿ. ಪಾದದಿಂದ ಮೊಣಕಾಲಿನ ತನಕ ಕ್ರಮವಾಗಿ ಸುತ್ತಿ, ಮಲಗಿದಾಗ ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟುಕೊಳ್ಳುವುದು.

ಆದರೆ ಅದೇ ಬಿಗಿ ಪಟ್ಟಿಯನ್ನು ಇನ್ನೊಂದು ಬಗೆಯ ಕಾಲಿಗೆ ಕಟ್ಟಿದರೆ ಕಾಲೇ ಸಾಯುತ್ತದೆ. ಬೆರಳ ತುದಿಯಲ್ಲಿ, ಹಿಮ್ಮಡಿಯಲ್ಲಿ ಕಾಣುವ, ಪಂಚಿನಿಂದ ಕತ್ತರಿಸಿದಂತೆ ಅಂಚು ಚೊಕ್ಕಟವಾಗಿ, ತಳ ಬಿಳಿಚಿ ಅಥವಾ ಕಪ್ಪಾಗಿ, ರಾತ್ರಿ ಪ್ರಾಣ ಹೋಗುವಂತೆ ನೋಯುವ ಹುಣ್ಣು ಧಮನಿಯದು. ಅಲ್ಲಿ ರಕ್ತ ನಿಂತಿರುವುದಲ್ಲ, ರಕ್ತ ಬರುತ್ತಲೇ ಇಲ್ಲ. ಇವರು ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂರುತ್ತಾರೆ, ಆಗ ಸ್ವಲ್ಪ ಹಾಯೆನಿಸುತ್ತದೆ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಈ ಲಕ್ಷಣ ಮೂವತ್ತು-ನಲವತ್ತರ ಗಂಡಸಿನಲ್ಲಿ ಕಂಡರೆ ವೈದ್ಯರು ಕೇಳುವ ಮೊದಲ ಪ್ರಶ್ನೆ ಬೀಡಿಯದು. ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ ಈ ಕಾಯಿಲೆ ತಂಬಾಕಿನೊಂದಿಗೇ ಬೆಳೆಯುತ್ತದೆ. ಬೀಡಿ ಬಿಟ್ಟರೆ ಕಾಲು ಉಳಿಯುವ ಸಂಭವವಿದೆ. ಬಿಡದಿದ್ದರೆ ಒಂದು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು. ನಡುವೆ ಒಪ್ಪಂದವಿಲ್ಲ.

ಬಹಳ ದಿನ ಮಲಗಿದವರ ಬೆನ್ನಿನ ಕೊನೆಯಲ್ಲಿ, ಸೊಂಟದ ಎಲುಬಿನ ಮೇಲೆ, ಹಿಮ್ಮಡಿಯಲ್ಲಿ ಆಗುವ ಹುಣ್ಣು ಎಲ್ಲರಿಗೂ ಗೊತ್ತು. ಲಕ್ವ ಹೊಡೆದ ತಾಯಿಯನ್ನು, ಸೊಂಟ ಮುರಿದ ತಂದೆಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಮನೆಯಲ್ಲಿ ಅದು ಬಹುಮಟ್ಟಿಗೆ ಬರುವುದಿಲ್ಲ. ಆ ಮಗ್ಗುಲು ಬದಲಿಸುವ ಕೆಲಸ ಸಾಮಾನ್ಯವಾಗಿ ಮನೆಯ ಒಬ್ಬ ಹೆಣ್ಣುಮಗಳ ಮೇಲೇ ಬೀಳುತ್ತದೆ, ರಾತ್ರಿಯೂ ಸೇರಿ. ಹುಣ್ಣಾದರೆ ಮಾತು ಕೇಳುವವಳೂ ಅವಳೇ. ಇದನ್ನು ಮನೆಯವರೆಲ್ಲ ಪಾಳಿ ಹಾಕಿಕೊಂಡು ಮಾಡಬೇಕು.

ನಮ್ಮ ಬದುಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳಿನ ವಿಷಯವೂ ಇದೆ. ಮುಳ್ಳು ಚುಚ್ಚಿದ ಜಾಗ ತಿಂಗಳುಗಳ ಮೇಲೆ ನೋವಿಲ್ಲದೆ ಗಟ್ಟಿಯಾಗಿ ಊದಿಕೊಂಡು, ಹಲವು ತೂತುಗಳಾಗಿ, ಅವುಗಳಿಂದ ಕೀವಿನ ಜೊತೆ ರವೆಯಂಥ ಕಾಳು ಬರತೊಡಗಿದರೆ ಅದು ಮದುರಾ ಪಾದ ಇರಬಹುದು. 1842ರಲ್ಲಿ ಮದುರೆಯಲ್ಲಿ ಗಿಲ್ ಎಂಬ ವೈದ್ಯರು ಇದನ್ನು ಬರೆದಿಟ್ಟದ್ದರಿಂದ ಆ ಹೆಸರು. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಇಲ್ಲವೇ ಶಿಲೀಂಧ್ರ ಇದರ ಮೂಲ. ಎರಡಕ್ಕೂ ಔಷಧ ಬೇರೆ ಬೇರೆ. ಆ ಕಾಳನ್ನು ಪರೀಕ್ಷೆ ಮಾಡಿಸದೆ ಮಾತ್ರೆ ನುಂಗುವುದು ವ್ಯರ್ಥ. ನಾಗರಹಾವು, ಕೊಳಕುಮಂಡಲ ಕಚ್ಚಿದ ಜಾಗವೂ ಕೊಳೆತು ಹುಣ್ಣಾಗುತ್ತದೆ. ವಿಷ ಏರದಿರಲೆಂದು ಹಗ್ಗ ಬಿಗಿದು ಕಟ್ಟಿದರೆ ಉಳಿಯಬಹುದಾಗಿದ್ದ ಮಾಂಸವೂ ಸಾಯುತ್ತದೆ. ಇನ್ನು ಹಳೆಯ ಸುಟ್ಟಗಾಯದ ಕಲೆಯ ಮೇಲೆ, ಇಲ್ಲವೇ ವರ್ಷಗಟ್ಟಲೆ ಮಾಯದ ಹುಣ್ಣಿನ ಅಂಚಿನಲ್ಲಿ ಹೂಕೋಸಿನಂತೆ ಮಾಂಸ ಎದ್ದರೆ ತಡಮಾಡದೆ ಚೂರು ತೆಗೆಸಿ ಪರೀಕ್ಷೆಗೆ ಕಳಿಸಬೇಕು. ಅದು ಕ್ಯಾನ್ಸರ್ ಇರಬಹುದು.

ನೋವೆಂಬ ಕಾವಲುಗಾರ

ಅಂಗಾಲಿನಲ್ಲಿ, ಹೆಬ್ಬೆರಳ ಬುಡದ ಗುಬ್ಬಿನ ಕೆಳಗೆ, ಸುತ್ತಲೂ ಆಣಿಯಂತೆ ಗಟ್ಟಿ ಚರ್ಮ, ನಡುವೆ ಒಂದು ದುಂಡನೆಯ ಕುಳಿ, ಒತ್ತಿದರೂ ನೋವಿಲ್ಲ. ಈ ಹುಣ್ಣು ನರದ್ದು. ದೊಡ್ಡಪ್ಪನದು ಇದೇ.

ಈ ಹುಣ್ಣಿನ ಗುಟ್ಟು ಗೊತ್ತಾದದ್ದು ಕುಷ್ಠರೋಗಿಗಳಿಂದ. ಕುಷ್ಠದಲ್ಲಿ ಕೈಕಾಲಿನ ಮಾಂಸ ತಾನಾಗಿ ಕೊಳೆತು ಬೀಳುತ್ತದೆ ಎಂದು ಜಗತ್ತೇ ನಂಬಿತ್ತು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲು ಅವರು ಎಷ್ಟು ತಿಣುಕಿದರೂ ಆಗಲಿಲ್ಲ. ಕುಷ್ಠವಿದ್ದ ಒಬ್ಬ ಹುಡುಗ ಬಂದು ಕೀಲಿಯನ್ನು ಸಲೀಸಾಗಿ ತಿರುವಿದ. ನೆಲದ ಮೇಲೆ ರಕ್ತದ ಹನಿ ಬಿತ್ತು. ನೋಡಿದರೆ ಬೆರಳು ಎಲುಬಿನ ತನಕ ಸೀಳಿತ್ತು, ಹುಡುಗನಿಗೆ ಗೊತ್ತೇ ಇಲ್ಲ. ಕೊಳೆಯುವುದು ರೋಗದಿಂದಲ್ಲ, ನೋವೆಂಬ ಕಾವಲುಗಾರ ಇಲ್ಲದ್ದರಿಂದ ಎಂಬ ತಿಳಿವು ಹೀಗೆ ಗಟ್ಟಿಯಾಯಿತು. ಹಾಗಾದರೆ ಮದ್ದು ಏನು? ಚಪ್ಪಲಿ. ಮೆತ್ತನೆಯ, ಮೊಳೆಯಿಲ್ಲದ, ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕುಷ್ಠರೋಗಿಗಳಿಗೆ ಉಚಿತವಾಗಿ ಕೊಡುವ ಎಂಸಿಆರ್ ಚಪ್ಪಲಿ ಇದೇ. 2005ರ ಡಿಸೆಂಬರ್‌ನಲ್ಲಿ ಕುಷ್ಠ ದೇಶಮಟ್ಟದಲ್ಲಿ ನಿಯಂತ್ರಣಕ್ಕೆ ಬಂದಿದೆ ಎಂದು ಘೋಷಿಸಿದರೂ ಈಗಲೂ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ರೋಗಿಗಳು ಸಿಗುತ್ತಿದ್ದಾರೆ. ಸ್ಪರ್ಶವಿಲ್ಲದ ಮಚ್ಚೆ ಕಂಡರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಔಷಧ ಉಚಿತ.

ಈಗ ಅದೇ ಜೋಮು ಹಿಡಿದ ಕಾಲು ಸಕ್ಕರೆಯ ದಾರಿಯಿಂದ ಮನೆಮನೆಗೂ ಬಂದಿದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿ ಹೇಳಿತು. ಸಕ್ಕರೆ ಏರಿದ ರಕ್ತ ವರ್ಷಗಟ್ಟಲೆ ಹರಿದು ಮೂರು ಬಗೆಯ ನರಗಳನ್ನೂ ಕೆಡಿಸುತ್ತದೆ. ಸ್ಪರ್ಶದ ನರ ಹೋದರೆ ಮೊಳೆ ಗೊತ್ತಾಗದು. ಸ್ನಾಯುವಿನ ನರ ಹೋದರೆ ಬೆರಳು ಹಕ್ಕಿಯ ಉಗುರಿನಂತೆ ಮಡಚಿಕೊಂಡು ಮೈಭಾರವೆಲ್ಲ ಒಂದೇ ಗುಬ್ಬಿನ ಮೇಲೆ ಬೀಳುತ್ತದೆ. ಬೆವರಿನ ನರ ಹೋದರೆ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ, ಆ ಬಿರುಕು ಕೀವಿಗೆ ಬಾಗಿಲು. ಮಧುಮೇಹದಿಂದ ಕಾಲು ಕತ್ತರಿಸಬೇಕಾಗಿ ಬಂದ 100 ಜನರಲ್ಲಿ ಸುಮಾರು 85 ಮಂದಿಗೆ ಮೊದಲು ಆಗಿದ್ದದ್ದು ಒಂದು ಚಿಕ್ಕ ಹುಣ್ಣು.

ಮೊಳೆ ಚುಚ್ಚಿದ ಮೇಲೆ ದೊಡ್ಡಪ್ಪ ಅರಿಶಿನ ತುಂಬಿದರು. ಆಮೇಲೆ ಯಾರೋ ಹೇಳಿದರೆಂದು ಮೈಲುತುತ್ತ. ಆಮೇಲೆ ಬೀಡಿಯ ಬೂದಿ. ಬಿಸಿನೀರಿನಲ್ಲಿ ಕಾಲಿಟ್ಟು ಕೂತರು, ನೀರು ಎಷ್ಟು ಬಿಸಿ ಎಂದು ಆ ಕಾಲಿಗೆ ಗೊತ್ತಾಗಲಿಲ್ಲ, ಮೇಲೆ ಬೊಬ್ಬೆ ಬಂತು. ಹೊಲ ಬಿಡಲಿಲ್ಲ, ನೋವಿಲ್ಲವಲ್ಲ. ಮೂರು ವಾರಕ್ಕೆ ಎರಡನೆಯ ಬೆರಳು ಕಪ್ಪಾಯಿತು. ಆಗ ದಾವಣಗೆರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಒಬ್ಬ ನರ್ಸಮ್ಮ ಪೆನ್ನಿನಂಥ ಹಿಡಿಕೆಯ ತುದಿಗೆ ಮೀನುಗಾಳದ ದಾರದಂಥ ಒಂದು ನೈಲಾನ್ ಎಳೆ ಇರುವ ಸಾಧನ ತಂದರು. ಅದನ್ನು ಚರ್ಮಕ್ಕೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುತ್ತದೆ. ‘ಕಣ್ಮುಚ್ಚಿರಿ ಅಜ್ಜಾರ, ಮುಟ್ಟಿದಾಗೆಲ್ಲ ಹೂಂ ಅನ್ರಿ’ ಅಂದರು. ಎಡಗಾಲು, ಅಂದರೆ ನಾವು ಚೆನ್ನಾಗಿದೆ ಅಂದುಕೊಂಡಿದ್ದ ಕಾಲು. ಆರು ಕಡೆ ಮುಟ್ಟಿದರು. ದೊಡ್ಡಪ್ಪ ಎರಡು ಸಲ ಹೂಂ ಅಂದರು. ಅದರಲ್ಲಿ ಒಂದು, ಆಕೆ ಕೈ ಹಿಂದಕ್ಕೆ ತೆಗೆದುಕೊಂಡಿದ್ದಾಗ. ಕಣ್ಣು ತೆರೆದು ನಮ್ಮೆಲ್ಲರ ಮುಖ ನೋಡಿದರು. ‘ಮುಗೀತೇನವ್ವಾ? ಎರಡೇ ಸಲ ಮುಟ್ಟಿದ್ಯಲ್ಲ’ ಅಂದರು. ಅವರ ಮುಖದಿಂದ ಆ ಹೆಮ್ಮೆ ಇಳಿದುಹೋದದ್ದನ್ನು ನಾನು ಕಂಡದ್ದು ಆಗ.

ಎರಡು ಬೆರಳು ಹೋದವು, ಪಾದ ಉಳಿಯಿತು. ಉಳಿಸಿದ್ದು ಸಕ್ಕರೆ ಹತೋಟಿ, ಸತ್ತ ಮಾಂಸ ತೆಗೆದದ್ದು, ಸರಿಯಾದ ಆ್ಯಂಟಿಬಯೋಟಿಕ್. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಾಲನ್ನು ಊರಲು ಬಿಡದೆ ಇದ್ದದ್ದು. ಹುಣ್ಣಿನ ಮೇಲಿಂದ ಭಾರ ಇಳಿಸುವುದೇ ಈ ಚಿಕಿತ್ಸೆಯ ಜೀವಾಳ. ಅದಕ್ಕೆ ಪಾದಕ್ಕೆ ಅಂಟಿದಂತೆ ಹಾಕುವ ಪ್ಲಾಸ್ಟರ್ ಇದೆ, ವಿಶೇಷ ಬೂಟುಗಳಿವೆ. ಅಷ್ಟು ದುಡ್ಡಿಲ್ಲದವರಿಗೆಂದು ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸುಗಳನ್ನೇ ಮಡಚಿ ಮಾಡುವ, ‘ಮಂದಾಕಿನಿ’ ಎಂಬ ಮುದ್ದಾದ ಹೆಸರಿನ ಪಾದದಿಂಬನ್ನೂ ನಮ್ಮ ದೇಶದ ವೈದ್ಯರು ರೂಪಿಸಿದ್ದಾರೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇಂಥದ್ದು ಸಿಗುವಂತಾಗಬೇಕು. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ಆಶಾ ಕಾರ್ಯಕರ್ತೆಯರು ಬಂದಾಗ ಬೆರಳು ಚಾಚುವುದರ ಜೊತೆಗೆ ಕಾಲನ್ನೂ ಚಾಚಿ ತೋರಿಸಿ.

ಮಾಘ ಮುಗಿಯುವ ಹೊತ್ತಿಗೆ ನಮ್ಮ ಕಡೆ ರಸ್ತೆಗಳೆಲ್ಲ ಕಾಲುಗಳೇ. ಕೊಟ್ಟೂರು ಬಸವೇಶ್ವರನ ತೇರಿಗೆ ದಾವಣಗೆರೆಯಿಂದ ಸಾವಿರಾರು ಜನ ನಡೆದು ಬರುತ್ತಾರೆ. ಹಡಗಲಿಯ ಮೈಲಾರದ ಕಾರಣಿಕಕ್ಕೆ ಹೋಗುವವರು ಬೇರೆ. ಭರತ ಹುಣ್ಣಿಮೆಗೆ ನಮ್ಮ ಪಕ್ಕದ ಉಚ್ಚಂಗಿದುರ್ಗದ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಹರಕೆ ಹೊತ್ತವರು ಬರಿಗಾಲಲ್ಲೇ ನಡೆಯುತ್ತಾರೆ. ಮಧ್ಯಾಹ್ನದ ಡಾಂಬರು, ಕಾದ ಬಂಡೆ ಸ್ಪರ್ಶವಿರುವ ಕಾಲಿಗೆ ಎಚ್ಚರಿಕೆ ಕೊಡುತ್ತವೆ. ಜೋಮು ಹಿಡಿದ ಕಾಲು ಬೆಂದರೂ ಸುಮ್ಮನಿರುತ್ತದೆ. ಸಕ್ಕರೆ ಇರುವವರು ಚಪ್ಪಲಿ ಹಾಕಿಕೊಂಡು ನಡೆಯಿರಿ, ಗುಡಿಯ ಬಾಗಿಲಲ್ಲಿ ಬಿಡಿ. ಮೆಟ್ಟಿಲಿಗೆ ದಪ್ಪ ಕಾಲುಚೀಲವಾದರೂ ಇರಲಿ, ಬಿಸಿಲೇರುವ ಮೊದಲು ಹತ್ತಿ ಇಳಿಯಿರಿ. ಭಕ್ತಿಗೆ ಇದರಿಂದ ಕಡಿಮೆಯಾಗುವುದು ಏನೂ ಇಲ್ಲ ಎಂದು ನಾನು ಮನಸಾರೆ ನಂಬುತ್ತೇನೆ. ದಾರಿಯಲ್ಲಿ ಪ್ರಸಾದ, ಮಜ್ಜಿಗೆ ಕೊಡುವ ಪುಣ್ಯವಂತರು ಪೆಂಡಾಲಿನಲ್ಲಿ ಒಂದು ಬೆಂಚು, ಒಂದು ಕನ್ನಡಿ ಇಟ್ಟರೆ ಎಷ್ಟೋ ಜನರ ಪಾದ ಉಳಿದೀತು.

ದೊಡ್ಡಪ್ಪನ ಗಡ್ಡ ಹೆರೆಯುವ ಕನ್ನಡಿ ಈಗ ಮಂಚದ ಕೆಳಗಿದೆ. ರಾತ್ರಿ ಊಟವಾದ ಮೇಲೆ ಅವರು ಕಾಲು ತೊಳೆದು ಮಂಚದ ಮೇಲೆ ಕೂರುತ್ತಾರೆ. ಮೊಮ್ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಮೊಬೈಲಿನ ಬೆಳಕು ಬಿಟ್ಟು ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿಯುತ್ತಾಳೆ. ಮೊದಲು ಎಡಗಾಲು, ಆಮೇಲೆ ಬಲಗಾಲು. ಇಬ್ಬರೂ ಬಗ್ಗಿ ನೋಡುತ್ತಾರೆ.

‘ಹಿಮ್ಮಡಿ ಒಂದ್ಕಡೆ ಒಡದೈತಿ, ಅಜ್ಜಾ.’

‘ಎಣ್ಣಿ ಹಚ್ಚಾನು. ಮತ್ತೆ?’

‘ಬೆರಳ ಸಂದ್ಯಾಗ ಒದ್ದಿ ಐತಿ.’

ದೊಡ್ಡಪ್ಪ ಹೆಗಲ ಮೇಲಿನ ಟವೆಲು ತೆಗೆದು ಅವಳ ಕೈಗೆ ಕೊಡುತ್ತಾರೆ.